ಸಾಕ್ಷ್ಯ ಕಾನೂನಿನ ಓದು: ರುಜುವಾತು ಒಂದೇ, ಅಳತೆ ಎರಡು ಹೇಗೆ?

ಕುಂಜಿಬೆಟ್ಟು ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಕಾನೂನು ಪದವಿ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಸಾಕ್ಷ್ಯ ಕಾನೂನು ಇದೆ. 1872ರ ಹಳೆಯ ಅಧಿನಿಯಮದ ಕಲಂಗಳನ್ನೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂಗಳನ್ನೂ ಎದುರುಬದುರು ಬರೆದು ಪಟ್ಟಿ ಮಾಡಿಕೊಂಡಿದ್ದೇನೆ. ಯಾವ ಕಲಂ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಹೇಳಬಲ್ಲೆ. ಆದರೆ ತರಗತಿಯಲ್ಲಿ ಕೊಟ್ಟ ಒಂದು ಸಮಸ್ಯೆಯ ಮುಂದೆ ಆ ಪಟ್ಟಿ ಪ್ರಯೋಜನಕ್ಕೆ ಬರಲಿಲ್ಲ.

ಸಮಸ್ಯೆ ಹೀಗಿದೆ. ಪಡುಬಿದ್ರಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಯೊಂದು ಬೈಕಿಗೆ ಡಿಕ್ಕಿ ಹೊಡೆದು, ಸವಾರ ಎರಡು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ. ಕ್ರಿಮಿನಲ್ ಪ್ರಕರಣದಲ್ಲಿ ಲಾರಿ ಚಾಲಕ ಬಿಡುಗಡೆಯಾಗುತ್ತಾನೆ. ಅದೇ ಅಪಘಾತದ ಬಗ್ಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಚಾಲಕನ ಅಜಾಗರೂಕತೆಯೇ ಕಾರಣವೆಂದು ತೀರ್ಮಾನಿಸಿ ಸವಾರನ ಮನೆಯವರಿಗೆ ಪರಿಹಾರ ಕೊಡಿಸುತ್ತದೆ. ಎರಡೂ ತೀರ್ಮಾನಗಳು ಸರಿಯಾಗಿರಲು ಸಾಧ್ಯವೇ ಎಂಬುದು ಪ್ರಶ್ನೆ.

‘ರುಜುವಾತಾಗಿದೆ’ ಎಂಬುದಕ್ಕೆ ಅಧಿನಿಯಮದಲ್ಲಿ ಇರುವುದು ಒಂದೇ ವ್ಯಾಖ್ಯೆ. ಹಳೆಯದರಲ್ಲಿ ಅದು ಕಲಂ 3ರಲ್ಲಿತ್ತು, ಈಗ ಕಲಂ 2(1)(ಜೆ)ಯಲ್ಲಿದೆ. ಕ್ರಿಮಿನಲ್‌ಗೆ ಒಂದು, ಸಿವಿಲ್‌ಗೆ ಒಂದು ಎಂದು ಅದು ವಿಂಗಡಿಸಿಲ್ಲ. ‘ಸಂಶಯಾತೀತವಾಗಿ’ ಎಂಬ ಮಾತು ಎರಡು ಅಧಿನಿಯಮಗಳಲ್ಲಿ ಎಲ್ಲಿ ಹುಡುಕಿದರೂ ಇಲ್ಲ. ಹಾಗಿದ್ದ ಮೇಲೆ ಎರಡು ಅಳತೆಗಳು ಬಂದದ್ದು ಎಲ್ಲಿಂದ? ‘ಕ್ರಿಮಿನಲ್‌ನಲ್ಲಿ ಸಂಶಯಾತೀತ, ಸಿವಿಲ್‌ನಲ್ಲಿ ಸಂಭವನೀಯತೆಯ ಮೇಲುಗೈ’ (ಯಾವುದು ಹೆಚ್ಚು ಸಂಭವವೋ ಅದು) ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಬರಬಹುದು, ನನಗೆ ಅರ್ಥವಾದಂತೆ ಆಗುವುದಿಲ್ಲ. ಹಿರಿಯರು ದಯವಿಟ್ಟು ದಾರಿ ತೋರಿಸಬೇಕು.

ಹಂಪನಕಟ್ಟೆ ವಕೀಲ:

ತಾಯೀ, ಪ್ರಶ್ನೆ ಸರಿಯಾದ ಜಾಗದಲ್ಲಿಯೇ ಹುಟ್ಟಿದೆ. ಆ ವ್ಯಾಖ್ಯೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನ್ಯಾಯಾಲಯವು ಒಂದು ಸಂಗತಿ ಇದೆಯೆಂದು ನಂಬಬೇಕು, ಇಲ್ಲವೇ ಆ ನಿರ್ದಿಷ್ಟ ಪ್ರಕರಣದ ಸನ್ನಿವೇಶದಲ್ಲಿ ವಿವೇಕಿಯಾದವನು ಅದು ಇದೆಯೆಂದು ಭಾವಿಸಿಯೇ ಮುಂದುವರಿಯಬೇಕು ಎನ್ನುವಷ್ಟು ಅದು ಸಂಭವನೀಯವೆಂದು ಎಣಿಸಬೇಕು. ‘ಆ ನಿರ್ದಿಷ್ಟ ಪ್ರಕರಣದ ಸನ್ನಿವೇಶದಲ್ಲಿ’ ಎಂಬ ಮಾತನ್ನು ಹೆಚ್ಚಿನವರು ಓದಿ ದಾಟಿಬಿಡುತ್ತಾರೆ. ಎರಡು ಅಳತೆಗಳು ಒಳಗೆ ಬರುವುದು ಆ ಬಾಗಿಲಿನಿಂದಲೇ.

ಮಲ್ಪೆಯಲ್ಲಿ ಬೋಟು ಇಟ್ಟುಕೊಂಡವರನ್ನು ನೆನೆಯಿರಿ. ಪಡುವಣದಲ್ಲಿ ಮೋಡ ಕಪ್ಪಿಟ್ಟಿತು ಎಂಬಷ್ಟಕ್ಕೇ ಅವರು ಆ ದಿನ ಬೋಟು ಇಳಿಸದೆ ಇರಬಹುದು. ಆದರೆ ಬೋಟನ್ನೇ ಮಾರಿಬಿಡಬೇಕು ಎಂಬ ತೀರ್ಮಾನಕ್ಕೆ ಅಷ್ಟು ಸೂಚನೆ ಸಾಲದು. ಇಬ್ಬರಲ್ಲ, ಒಬ್ಬರೇ ವಿವೇಕಿ. ತಪ್ಪಿದರೆ ಆಗುವ ನಷ್ಟ ದೊಡ್ಡದಾದಷ್ಟೂ ಅವರು ಹೆಚ್ಚು ಖಾತ್ರಿಯನ್ನು ಕೇಳುತ್ತಾರೆ. ಒಬ್ಬನ ಸ್ವಾತಂತ್ರ್ಯವನ್ನು ಅಥವಾ ಜೀವವನ್ನು ಕಸಿಯುವ ತೀರ್ಮಾನ ಬೋಟು ಮಾರುವುದಕ್ಕಿಂತಲೂ ದೊಡ್ಡದು. ಇಂಗ್ಲೆಂಡಿನಲ್ಲಿ 1935ರ ವೂಲ್ಮಿಂಗ್ಟನ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿತು: ಅಪರಾಧವನ್ನು ರುಜುವಾತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು, ಆರೋಪಿ ತನ್ನ ನಿರ್ದೋಷಿತ್ವವನ್ನು ರುಜುವಾತು ಮಾಡಬೇಕಾಗಿಲ್ಲ. ನಮ್ಮಲ್ಲಿ ಎರಡು ಅಳತೆಗಳ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದು 1975ರ ದಾಸ್ತಾನೆ ತೀರ್ಪು. ಅದು ಗಂಡ ಹೆಂಡಿರ ವ್ಯಾಜ್ಯ. ಮೊದಲು ಸಂಭವನೀಯತೆಗಳನ್ನು ಗುರುತಿಸಬೇಕು, ಆಮೇಲೆ ತೂಗಬೇಕು. ಅಸಾಧ್ಯವಾದದ್ದು ಮೊದಲ ಹೆಜ್ಜೆಯಲ್ಲಿ ಉದುರುತ್ತದೆ, ಸಂಭವ ಕಡಿಮೆಯಾದದ್ದು ಎರಡನೆಯ ಹೆಜ್ಜೆಯಲ್ಲಿ ಉದುರುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ತೀರ್ಪನ್ನು ಪೂರ್ತಿ ಓದಿ, ಗೈಡಿನ ಸಾರಾಂಶ ಬೇಡ.

ಕಲಂಗಳ ಪಟ್ಟಿಯ ಬಗ್ಗೆಯೂ ಒಂದು ಮಾತು. ಹಳೆಯ ಅಧಿನಿಯಮವನ್ನು ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ವ್ಯಾಖ್ಯೆಗಳನ್ನು ಒಂದು ವಿಚಾರಕ್ರಮದಲ್ಲಿ ಇಟ್ಟಿದ್ದ. ನ್ಯಾಯಾಲಯ, ಸಂಗತಿ, ಸುಸಂಗತ (ವಿಷಯಕ್ಕೆ ಸಂಬಂಧಪಟ್ಟದ್ದು), ವಿವಾದಾಂಶ (ತೀರ್ಮಾನವಾಗಬೇಕಾದ ಸಂಗತಿ), ದಸ್ತಾವೇಜು, ಸಾಕ್ಷ್ಯ, ಆಮೇಲೆ ರುಜುವಾತು. ಹೊಸ ಅಧಿನಿಯಮದಲ್ಲಿ ಅವು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬಂದಿವೆ. ಹುಡುಕುವವರಿಗೆ ಅದು ಅನುಕೂಲ; ಕಲಿಯುವವರು ಹಳೆಯ ಕ್ರಮದಲ್ಲಿಯೇ ಓದುವುದು ಒಳ್ಳೆಯದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸುರತ್ಕಲ್ ಜೂನಿಯರ್:

ವಕೀಲರ ವಿವರಣೆ ಒಪ್ಪುತ್ತೇನೆ, ಆದರೆ ‘ಕ್ರಿಮಿನಲ್ ಎಂದರೆ ಸಂಶಯಾತೀತ’ ಎಂಬ ಸಮೀಕರಣವೂ ಪೂರ್ತಿ ಸರಿಯಲ್ಲ ಎಂದು ಸೇರಿಸಬೇಕು. ನಮ್ಮ ಕಚೇರಿಯಲ್ಲಿ ಬಹುಪಾಲು ಚೆಕ್ ಅಮಾನ್ಯದ ಪ್ರಕರಣಗಳು. ಸಹಿ ಒಪ್ಪಿಕೊಂಡ ಕೂಡಲೇ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 139ರ ಪೂರ್ವಭಾವನೆ (ಚೆಕ್ ಕೊಟ್ಟದ್ದು ಸಾಲ ತೀರಿಸಲೆಂದೇ ಎಂದು, ಅಲ್ಲಗಳೆಯುವವರೆಗೆ, ನ್ಯಾಯಾಲಯ ಭಾವಿಸುವುದು) ಆರೋಪಿಯ ವಿರುದ್ಧ ನಿಲ್ಲುತ್ತದೆ. ಅದನ್ನು ಅಲ್ಲಗಳೆಯಲು ಆರೋಪಿಗೆ ಬೇಕಾದದ್ದು ಸಿವಿಲ್ ಅಳತೆ, ಅಂದರೆ ಸಂಭವನೀಯತೆಯ ಮೇಲುಗೈ ಮಾತ್ರ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಂಗಪ್ಪ ಪ್ರಕರಣದಲ್ಲಿ 2010ರಲ್ಲಿ ಇದು ಇತ್ಯರ್ಥವಾಗಿದೆ. ಆರೋಪಿ ಸಾಕ್ಷಿಕಟ್ಟೆ ಹತ್ತಲೇಬೇಕೆಂದಿಲ್ಲ. ದೂರುದಾರನ ಪಾಟೀ ಸವಾಲಿನಲ್ಲಿ ಹೊರಬಿದ್ದ ಉತ್ತರಗಳಿಂದಲೇ ಆ ಹೊಣೆಯನ್ನು ಇಳಿಸಿಕೊಳ್ಳಬಹುದು. ಆದ್ದರಿಂದ ಅಳತೆಯನ್ನು ಕೇಳುವಾಗ ‘ಯಾವ ನ್ಯಾಯಾಲಯ’ ಎಂದಷ್ಟೇ ಅಲ್ಲ, ‘ಯಾರ ಮೇಲಿನ ಹೊಣೆ’ ಎಂದೂ ಕೇಳಬೇಕು.

ಹಂಪನಕಟ್ಟೆ ವಕೀಲ:

ಸರಿಯಾದ ತಿದ್ದುಪಡಿ. ಆತ್ಮರಕ್ಷಣೆ, ಬುದ್ಧಿಭ್ರಮಣೆ ಮುಂತಾದ ವಿನಾಯಿತಿಗಳನ್ನು ಆರೋಪಿ ಕೇಳಿದಾಗಲೂ ಹೀಗೆಯೇ. ಹಳೆಯ ಕಲಂ 105, ಹೊಸ 108.

ಮೂಲಗೇಣಿ:

ನಾನು ಉಡುಪಿಯಲ್ಲಿ ಸಿವಿಲ್ ದಾವೆಗಳನ್ನೇ ನಡೆಸಿಕೊಂಡು ಬಂದವನು. ಕಾಲೇಜುಗಳಲ್ಲಿ ಸಾಕ್ಷ್ಯ ಕಾನೂನನ್ನು ಕೊಲೆ ಪ್ರಕರಣಗಳ ಮೂಲಕವೇ ಕಲಿಸುತ್ತಾರೆ ಎಂಬ ಬೇಸರ ನನಗೆ ಬಹಳ ಕಾಲದಿಂದ ಇದೆ. ಈ ಜಿಲ್ಲೆಯ ಒಂದು ಹಳೆಯ ಮನೆತನದ ಪಾಲಿನ ದಾವೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರೆ ಅಧಿನಿಯಮದ ಅರ್ಧ ಭಾಗ ತಾನಾಗಿ ತಲೆಗೆ ಹತ್ತುತ್ತದೆ.

ಉದಾಹರಣೆಗೆ ಮೂಲಗೇಣಿ ಚೀಟನ್ನೇ, ಅಂದರೆ ಜಮೀನನ್ನು ಶಾಶ್ವತ ಗೇಣಿಗೆ ಕೊಟ್ಟ ಕಾಗದವನ್ನೇ, ತೆಗೆದುಕೊಳ್ಳಿ. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು; ಆ ಕಾಲದ ಚೀಟುಗಳು ಇಂದಿಗೂ ಮನೆಗಳ ಪೆಟ್ಟಿಗೆಗಳಲ್ಲಿವೆ. ಬರೆದುಕೊಟ್ಟವರೂ ಸಾಕ್ಷಿ ಹಾಕಿದವರೂ ಈಗ ಬದುಕಿಲ್ಲ. ಸಹಿಯನ್ನು ಗುರುತಿಸುವವರು ಯಾರು? ಅದಕ್ಕಾಗಿಯೇ ಮೂವತ್ತು ವರ್ಷ ಹಳೆಯ ದಸ್ತಾವೇಜಿನ ಪೂರ್ವಭಾವನೆ ಇದೆ. ಹಳೆಯ ಕಲಂ 90, ಈಗ 92. ಕಾಗದವು ಇರಬೇಕಾದವರ ವಶದಿಂದ ಬಂದಿದ್ದರೆ, ಸಹಿಯೂ ಕೈಬರಹವೂ ಅವರದ್ದೇ ಎಂದು ನ್ಯಾಯಾಲಯ ಭಾವಿಸಬಹುದು. ಮೂವತ್ತು ವರ್ಷವನ್ನು ಎಣಿಸುವುದು ದಾವೆ ಹೂಡಿದ ದಿನದಿಂದ ಹಿಂದಕ್ಕಲ್ಲ, ಕಾಗದವನ್ನು ಸಾಕ್ಷ್ಯವಾಗಿ ಮುಂದಿಟ್ಟ ದಿನದಿಂದ ಹಿಂದಕ್ಕೆ.

ಇಲ್ಲಿ ವಿದ್ಯಾರ್ಥಿಗಳು ಮೂರು ಕಡೆ ಜಾರುತ್ತಾರೆ. ‘ಭಾವಿಸಬಹುದು’ ಎಂದರೆ ಭಾವಿಸಲೇಬೇಕೆಂದಲ್ಲ. ಆ ಭಾವನೆಯೂ ಬರೆದವರು ಯಾರು ಎಂಬಷ್ಟಕ್ಕೇ ಸೀಮಿತ. ಒಳಗಿನ ಒಕ್ಕಣೆ ನಿಜವೆಂಬುದಕ್ಕೆ ಬೇರೆ ಆಧಾರ ಬೇಕು. ಮೂರನೆಯದಾಗಿ, ಮೂಲ ಕಾಗದವಿಲ್ಲದೆ ನಕಲನ್ನು ಮಾತ್ರ ತಂದರೆ ಮೂಲದ ಸಹಿಗೆ ಈ ಪೂರ್ವಭಾವನೆ ಸಿಗುವುದಿಲ್ಲ. ನನ್ನ ಆರಂಭದ ದಿನಗಳಲ್ಲಿ ಈ ಮೂರನೆಯದನ್ನು ತಿಳಿಯದೆ, ಮೂಲ ಚೀಟು ಮನೆಯಲ್ಲಿ ಇದ್ದರೂ ದೃಢೀಕೃತ ನಕಲನ್ನೇ ಹಾಜರುಪಡಿಸಿ ಕಕ್ಷಿದಾರರ ಎರಡು ವರ್ಷಗಳನ್ನು ಹಾಳುಮಾಡಿದೆ. ಆ ಹಿರಿಯ ಮಹಿಳೆಗೆ ಮೇಲ್ಮನವಿಯಲ್ಲಿ ನ್ಯಾಯ ಸಿಕ್ಕಿತು. ಆದರೂ ಅವರ ಮುಖ ನೆನಪಾದಾಗೆಲ್ಲ ನನಗೆ ಸಂಕಟವಾಗುತ್ತದೆ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ಇನ್ನೊಂದು ಪಾಠವಿದೆ. ಯಾರು ಯಾವ ಕವರಿಗೆ (ಕುಟುಂಬದ ಕವಲಿಗೆ) ಸೇರಿದವರು, ಮೂಲ ಸ್ತ್ರೀಗೆ ಎಷ್ಟು ಹೆಣ್ಣುಮಕ್ಕಳು ಎಂಬುದರ ಮೇಲೆ ಪಾಲು ನಿಲ್ಲುತ್ತದೆ. ಜನನ ದಾಖಲೆ ಇಲ್ಲದ ಕಾಲದ ವಂಶಾವಳಿಯನ್ನು ರುಜುವಾತು ಮಾಡುವುದು ಹೇಗೆ? ಕೇಳಿಕೆಯ ಮಾತು ಸಾಕ್ಷ್ಯವಲ್ಲ ಎಂದು ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ. ತೀರಿಕೊಂಡ ಅಜ್ಜಿ, ವ್ಯಾಜ್ಯ ಹುಟ್ಟುವುದಕ್ಕೆ ಮೊದಲೇ, ನೆಂಟಸ್ತಿಕೆಯ ಬಗ್ಗೆ ಹೇಳಿದ ಮಾತು ಕಲಂ 26ರ ಮೂಲಕ ಒಳಗೆ ಬರುತ್ತದೆ. ಕುಟುಂಬವನ್ನು ಹತ್ತಿರದಿಂದ ಬಲ್ಲವರು ತಮ್ಮ ನಡವಳಿಕೆಯಲ್ಲಿ ತೋರಿದ ಅಭಿಪ್ರಾಯ ಕಲಂ 44ರ ಮೂಲಕ ಬರುತ್ತದೆ. ಹಳೆಯದು ಕಲಂ 50. ಗಮನಿಸಿ, ಬರೀ ಅಭಿಪ್ರಾಯವಲ್ಲ, ನಡವಳಿಕೆಯಲ್ಲಿ ಕಂಡ ಅಭಿಪ್ರಾಯ. ಮದುವೆಯಲ್ಲಿ ಯಾರನ್ನು ಯಾವ ಸ್ಥಾನದಲ್ಲಿ ಕರೆದರು, ಸೂತಕವನ್ನು ಯಾರು ಹಿಡಿದರು, ತರವಾಡು ಮನೆಯ ಕೋಲಕ್ಕೆ ಯಾರು ಕುಟುಂಬದವರಾಗಿ ನಿಂತರು ಎಂಬುದೆಲ್ಲ ಅಲ್ಲಿ ಮಾತಾಡುತ್ತದೆ. 1959ರ ದೋಲಗೋವಿಂದ ಪರೀಚ ತೀರ್ಪನ್ನು ಈ ಕಲಮಿನ ಜೊತೆಗೇ ಓದಬೇಕು.

ವೀಲುನಾಮೆಯ ಬಗ್ಗೆ ಒಂದೇ ಮಾತು: 1959ರ ವೆಂಕಟಾಚಲ ಅಯ್ಯಂಗಾರ್ ತೀರ್ಪು ಓದದೆ ಪರೀಕ್ಷೆಗೆ ಹೋಗಬೇಡಿ. ನೋಂದಣಿಯಾಗಿದೆ ಎಂಬಷ್ಟಕ್ಕೆ ವೀಲುನಾಮೆ ರುಜುವಾತಾಗುವುದಿಲ್ಲ. ಸಾಕ್ಷಿ ಹಾಕಿದವರು ಬದುಕಿದ್ದರೆ ಅವರಲ್ಲಿ ಒಬ್ಬರನ್ನಾದರೂ ಕರೆಸಬೇಕು, ಅನುಮಾನ ಹುಟ್ಟಿಸುವ ಸನ್ನಿವೇಶಗಳಿದ್ದರೆ ಅವನ್ನು ನಿವಾರಿಸುವ ಹೊಣೆಯೂ ವೀಲುನಾಮೆಯನ್ನು ಮುಂದಿಟ್ಟವರದ್ದೇ.

ಕುಂಜಿಬೆಟ್ಟು ವಿದ್ಯಾರ್ಥಿನಿ:

ಸರ್, ಇದು ನನ್ನ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮದೂ ಅಳಿಯಸಂತಾನದ ಮನೆ. ಅಮ್ಮನನ್ನು ಕೂರಿಸಿಕೊಂಡು ನಮ್ಮ ಕವರಿನ ವಂಶಾವಳಿಯನ್ನು ಬರೆದುನೋಡಿದೆ. ನಾಲ್ಕನೆಯ ತಲೆಮಾರಿಗೆ ಬರುವಷ್ಟರಲ್ಲಿ ಎಲ್ಲವೂ ಅಜ್ಜಿ ಹೇಳಿದ್ದು ಎಂಬ ಆಧಾರದ ಮೇಲೆಯೇ ನಿಂತಿತ್ತು.

ಇನ್ನೊಂದು ಸಂದೇಹ. ಆರೋಪಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ರುಜುವಾತಿಗೆ ಬರುವುದಿಲ್ಲ ಎನ್ನುತ್ತಾರೆ. ಆದರೆ ಪತ್ರಿಕೆಗಳಲ್ಲಿ ‘ಆರೋಪಿಯ ಸ್ವ-ಇಚ್ಛಾ ಹೇಳಿಕೆಯ ಮೇರೆಗೆ ಆಯುಧ ವಶ’ ಎಂದು ದಿನವೂ ಓದುತ್ತೇವೆ. ಇವೆರಡನ್ನು ಹೊಂದಿಸುವುದು ಹೇಗೆ?

ಹಂಪನಕಟ್ಟೆ ವಕೀಲ:

ಹಳೆಯ 25, 26, 27 ಎಂಬ ಮೂರು ಕಲಂಗಳು ಈಗ ಕಲಂ 23ರಲ್ಲಿ ಒಟ್ಟಿಗೆ ಸೇರಿವೆ. 27 ಅಲ್ಲಿ ಪರಂತುಕವಾಗಿ, ಅಂದರೆ ನಿಯಮಕ್ಕೆ ಅಪವಾದವಾಗಿ, ಕುಳಿತಿದೆ. ಒಂದು ಕಾಲ್ಪನಿಕ ಹೇಳಿಕೆಯನ್ನು ಬಿಡಿಸಿ ತೋರಿಸುತ್ತೇನೆ. ‘ಹಣದ ವಿಚಾರದಲ್ಲಿ ಜಗಳವಾಗಿ ನಾನು ಅವನನ್ನು ಚೂರಿಯಿಂದ ಇರಿದು ಕೊಂದೆ. ಆ ಚೂರಿಯನ್ನು ನೇತ್ರಾವತಿ ಸೇತುವೆಯ ಬಳಿ ಪೊದೆಯಲ್ಲಿ ಅಡಗಿಸಿಟ್ಟಿದ್ದೇನೆ. ನನ್ನ ಜೊತೆ ಬಂದರೆ ತೋರಿಸುತ್ತೇನೆ.’ ಮಹಜರು ಸಾಕ್ಷಿಗಳ ಮುಂದೆ ಪೊದೆಯಿಂದ ಚೂರಿ ಸಿಕ್ಕಿತು ಎಂದಿಟ್ಟುಕೊಳ್ಳಿ. ನ್ಯಾಯಾಲಯದ ಮುಂದೆ ಬರುವುದು ಅಡಗಿಸಿಟ್ಟಿದ್ದೇನೆ, ತೋರಿಸುತ್ತೇನೆ ಎಂಬಷ್ಟೇ. ‘ಇರಿದು ಕೊಂದೆ’ ಎಂಬ ಮಾತೂ, ಜಗಳದ ಮಾತೂ ಹೊರಗೆ ಉಳಿಯುತ್ತವೆ.

ಕಾರಣವನ್ನು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಹೇಳಿದೆ. ಅದು ವರದಿಯಾದದ್ದು 1947ರಲ್ಲಿ. ಪತ್ತೆಯಾದ ಸಂಗತಿ ಎಂದರೆ ಚೂರಿ ಎಂಬ ವಸ್ತುವಲ್ಲ. ಆ ವಸ್ತು ಅಲ್ಲಿ ಇತ್ತು, ಅಲ್ಲಿ ಇದ್ದದ್ದು ಈ ಮನುಷ್ಯನಿಗೆ ಗೊತ್ತಿತ್ತು ಎಂಬುದೇ ಪತ್ತೆಯಾದ ಸಂಗತಿ. ಆ ಚೂರಿಯಿಂದಲೇ ಕೊಲೆಯಾಯಿತು ಎಂಬುದನ್ನು ರಕ್ತದ ಪರೀಕ್ಷೆ, ಗಾಯಗಳ ಬಗ್ಗೆ ವೈದ್ಯರ ನುಡಿ, ಕಂಡವರ ಸಾಕ್ಷ್ಯಗಳಿಂದ ಬೇರೆಯಾಗಿಯೇ ರುಜುವಾತು ಮಾಡಬೇಕು. ಅದಕ್ಕಾಗಿಯೇ ಇಡೀ ಹೇಳಿಕೆಯನ್ನು ನಿಶಾನೆ ಮಾಡದೆ (ಸಾಕ್ಷ್ಯವೆಂದು ಗುರುತು ಹಾಕಿಸದೆ), ಒಳಗೆ ಬರಬಹುದಾದ ಸಾಲುಗಳನ್ನು ಮಾತ್ರ ಬೇರ್ಪಡಿಸಿ ನಿಶಾನೆ ಮಾಡಿಸಬೇಕು. ಕಿರಿಯ ವಕೀಲರು ಈ ಒಂದು ಕ್ಷಣದಲ್ಲಿ ಎದ್ದು ನಿಲ್ಲದಿದ್ದರೆ ತಪ್ಪೊಪ್ಪಿಗೆ ಪೂರ್ತಿಯಾಗಿ ಕಡತದೊಳಗೆ ಸೇರಿ, ಓದಿದವರ ಮನಸ್ಸಿನ ಮೇಲೆ ತನ್ನ ಕೆಲಸ ಮಾಡುತ್ತದೆ.

ಮೂಲಗೇಣಿ:

ನಿಶಾನೆ ಮಾಡುವ ಹೊತ್ತಿನ ತಕರಾರಿನ ಬಗ್ಗೆ ಸಿವಿಲ್ ಕಡೆಯಿಂದಲೂ ಒಂದು ಎಚ್ಚರಿಕೆ. ಕಾಗದವೇ ಸಾಕ್ಷ್ಯವಾಗಿ ಬರಲಾರದು ಎಂಬ ತಕರಾರು ಒಂದು ಬಗೆ. ಅದನ್ನು ಆಮೇಲೂ ಎತ್ತಬಹುದು. ಕಾಗದ ಬರಬಹುದು, ರುಜುವಾತು ಮಾಡುವ ಕ್ರಮ ಸರಿಯಿಲ್ಲ ಎಂಬುದು ಇನ್ನೊಂದು ಬಗೆ. ಅದನ್ನು ಆ ಕ್ಷಣದಲ್ಲಿ ಎತ್ತದಿದ್ದರೆ ಕಳೆದುಕೊಂಡಂತೆಯೇ. 2003ರ ವೆಂಕಟಾಚಲ ಗೌಂಡರ್ ತೀರ್ಪು ಇದನ್ನು ವಿಂಗಡಿಸಿದೆ. ಮುದ್ರಾಂಕದ ಕೊರತೆಯಂತೂ ಇವೆರಡಕ್ಕಿಂತ ಕಠಿಣ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಕಲಂ 35ರಂತೆ ಒಮ್ಮೆ ಸಾಕ್ಷ್ಯವಾಗಿ ಸ್ವೀಕೃತವಾದ ಕಾಗದವನ್ನು ಮುದ್ರಾಂಕದ ಕಾರಣಕ್ಕೆ ಮತ್ತೆ ಪ್ರಶ್ನಿಸುವಂತಿಲ್ಲ.

ನಿವೃತ್ತ ಶಿರಸ್ತೇದಾರ:

ನಾನು ವಕೀಲನಲ್ಲ, ಈ ಎರಡು ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿದ್ಯಾರ್ಥಿನಿಯ ಸಮಸ್ಯೆಯಲ್ಲಿ ಸವಾರ ಎರಡು ದಿನ ಬದುಕಿದ್ದ ಎಂಬ ವಿವರವಿದೆ. ಅವನು ಮಾತಾಡಿದ್ದರೆ ಯಾವ ಭಾಷೆಯಲ್ಲಿ ಮಾತಾಡಿರುತ್ತಾನೆ ಎಂದು ಯಾರೂ ಕೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಸಾಕ್ಷಿ ಮಾತಾಡುವುದು ತುಳು, ಕೊಂಕಣಿ ಅಥವಾ ಬ್ಯಾರಿ. ಕಡತಕ್ಕೆ ಹೋಗುವುದು ಕನ್ನಡ ಅಥವಾ ಇಂಗ್ಲಿಷ್. ನಡುವೆ ಒಂದು ದಾಟು ಇದೆ, ಅಲ್ಲಿ ಸಾಕ್ಷ್ಯ ಕೆಡಬಹುದು. ತುಳುವಿನಲ್ಲಿ ‘ಆಯೆ ಬೈದೆ’ ಎಂದರೆ ‘ಅವನು ಬಂದಿದ್ದಾನೆ’. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ, ತುಳು ತಿಳಿಯದ ಬರೆಯುವವರ ಕಿವಿಗೆ ಅದು ‘ಅವನು ಬೈದ’ ಎಂದು ಕೇಳಿಸಬಹುದು. ಸುಮ್ಮನೆ ಬಂದವನು ಕಾಗದದ ಮೇಲೆ ಜಗಳಕ್ಕೆ ಬಂದವನಾಗಿಬಿಡುತ್ತಾನೆ. ಮರಣಪೂರ್ವ ಹೇಳಿಕೆಯಲ್ಲಿ ಹೀಗಾದರೆ ತಿದ್ದಲು ಹೇಳಿದವನು ಬದುಕಿರುವುದಿಲ್ಲ, ಪಾಟೀ ಸವಾಲೂ ಇರುವುದಿಲ್ಲ.

ಆದ್ದರಿಂದ ಅಂಥ ಹೇಳಿಕೆಯನ್ನು ಓದುವಾಗ ಕೆಲವನ್ನು ಕೇಳಿಕೊಳ್ಳಬೇಕು. ಪ್ರಶ್ನೆ ಕೇಳಿದವರಿಗೆ ಗಾಯಾಳುವಿನ ಭಾಷೆ ಬರುತ್ತಿತ್ತೇ? ಬರದಿದ್ದರೆ ಅನುವಾದಿಸಿ ಹೇಳಿದವರು ಯಾರು, ಅವರನ್ನು ಸಾಕ್ಷಿಯಾಗಿ ಕರೆಸಿದ್ದಾರೆಯೇ? ಮುಖ್ಯವಾದ ಮಾತನ್ನಾದರೂ ಅವನ ಬಾಯಿಂದ ಬಂದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದಾರೆಯೇ? ನಾನು ಕಂಡ ನ್ಯಾಯಾಧೀಶರೊಬ್ಬರು ಸಾಕ್ಷಿಯ ತುಳು ಮಾತನ್ನು ಹಾಗೆಯೇ ಬರೆಸಿ, ಅದರ ಮುಂದೆ ಕನ್ನಡ ಅರ್ಥವನ್ನು ಬರೆಸುತ್ತಿದ್ದರು. ಸಮಯ ಹಿಡಿಯುತ್ತಿತ್ತು, ಆದರೆ ಆ ಕಡತಗಳನ್ನು ಇಂದು ತೆರೆದರೂ ಸಾಕ್ಷಿಯ ದನಿ ಕೇಳಿಸುತ್ತದೆ.

ಹಂಪನಕಟ್ಟೆ ವಕೀಲ:

ಶಿರಸ್ತೇದಾರರಿಗೆ ವಂದನೆ. ಕಾನೂನಿನ ಅಂಶವನ್ನು ಇದಕ್ಕೆ ಜೋಡಿಸುತ್ತೇನೆ. ಮರಣಪೂರ್ವ ಹೇಳಿಕೆಗೆ ಅಧಿನಿಯಮ ಯಾವ ನಮೂನೆಯನ್ನೂ ವಿಧಿಸಿಲ್ಲ. ಮಾತು, ಬರಹ ಮಾತ್ರವಲ್ಲ, ಸನ್ನೆಯೂ ಸಾಕೆಂದು 1885ರಷ್ಟು ಹಿಂದೆಯೇ ಅಲಹಾಬಾದ್ ಹೈಕೋರ್ಟ್ ಅಬ್ದುಲ್ಲಾ ಪ್ರಕರಣದಲ್ಲಿ ಹೇಳಿತು. ವೈದ್ಯರ ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಅದು ಬೀಳುವುದಿಲ್ಲ ಎಂದು 2002ರ ಲಕ್ಷ್ಮಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹಾಗಾಗಿ ಭಾಷೆಯ ಪ್ರಶ್ನೆ ಹೇಳಿಕೆ ಒಳಗೆ ಬರಬೇಕೇ ಎಂಬುದರ ಮೇಲೆ ಅಲ್ಲ, ಬಂದ ಮೇಲೆ ಅದಕ್ಕೆ ಎಷ್ಟು ತೂಕ ಎಂಬುದರ ಮೇಲೆ ಪರಿಣಾಮ ಬೀರುತ್ತದೆ. ಸುಸಂಗತವೇ, ರುಜುವಾತಿನ ಕ್ರಮ ಸರಿಯೇ, ತೂಕವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಬೆರೆಸಿದಾಗಲೇ ವಿದ್ಯಾರ್ಥಿಗಳಿಗೆ ಗೊಂದಲವಾಗುವುದು. ಇಂಗ್ಲೆಂಡಿನ ಹಳೆಯ ನಿಯಮದಂತಲ್ಲದೆ, ನಮ್ಮಲ್ಲಿ ಕಲಂ 26(ಎ) ಸಾವಿನ ಕಾರಣ ಪ್ರಶ್ನೆಗೆ ಬರುವ ಯಾವುದೇ ಬಗೆಯ ವ್ಯವಹರಣೆಗೆ, ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ, ಅನ್ವಯಿಸುತ್ತದೆ ಎಂಬುದನ್ನೂ ನೆನಪಿಡಿ.

ಸುರತ್ಕಲ್ ಜೂನಿಯರ್:

ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕಿನ ಸಿಸಿಟಿವಿ ಇದ್ದರೆ ಇಷ್ಟೆಲ್ಲ ಬೇಕೇ ಎಂದು ನನ್ನ ಸಹಪಾಠಿಗಳು ಕೇಳುತ್ತಾರೆ. ಹೊಸ ಕಲಂ 57ರ ವಿವರಣೆಗಳಲ್ಲಿ ಎಲೆಕ್ಟ್ರಾನಿಕ್ ದಾಖಲೆಯೂ ಪ್ರಾಥಮಿಕ ಸಾಕ್ಷ್ಯವಾಗಬಹುದು ಎಂದಿದೆ; ಆದ್ದರಿಂದ ಅಂಥ ದಾಖಲೆಯ ಜೊತೆಗೆ ಕೊಡಬೇಕಾದ ಕಲಂ 63ರ ಪ್ರಮಾಣಪತ್ರವೇ ಇನ್ನು ಮುಂದೆ ಬೇಡ ಎಂಬ ವಾದ ಕೇಳಿಬರುತ್ತಿದೆ. ನಾನು ಒಪ್ಪುವುದಿಲ್ಲ. ಕಲಂ 61 ಎಲೆಕ್ಟ್ರಾನಿಕ್ ದಾಖಲೆಗೆ ಬೇರೆ ದಸ್ತಾವೇಜುಗಳ ಸಮಾನ ಬಲವನ್ನು ಕೊಡುವಾಗ ‘ಕಲಂ 63ಕ್ಕೆ ಒಳಪಟ್ಟು’ ಎಂದೇ ಹೇಳುತ್ತದೆ. ಆ ಪ್ರಮಾಣಪತ್ರವೂ ಈಗ ಎರಡು ಭಾಗಗಳಲ್ಲಿದೆ: ಒಂದನ್ನು ಸಾಧನದ ಉಸ್ತುವಾರಿ ಇದ್ದವರು, ಇನ್ನೊಂದನ್ನು ತಜ್ಞರು ತುಂಬಿ, ದಾಖಲೆಯ ಹ್ಯಾಶ್ ಮೌಲ್ಯವನ್ನು (ದಾಖಲೆ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಗುರುತು) ನಮೂದಿಸಬೇಕು. ಮೂಲ ಸಾಧನವನ್ನೇ ಅದರ ಮಾಲೀಕರು ಸಾಕ್ಷಿಕಟ್ಟೆಗೆ ಬಂದು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹಳೆಯ ಕಲಂ 65ಬಿ (ಈಗಿನ 63) ಅಡಿಯಲ್ಲಿ ಹೇಳಿತ್ತು.

ಮೂಲಗೇಣಿ:

57 ಮತ್ತು 63ರ ನಡುವೆ ಎಳೆದಾಟ ಇದೆ ಎಂದು ನನಗೆ ಅನಿಸುತ್ತದೆ. ಉತ್ತರದಲ್ಲಿ ಎರಡೂ ಬದಿಯನ್ನು ಬರೆಯಿರಿ. ಇನ್ನೂ ಒಂದು: 2024ರ ಜುಲೈ 1ಕ್ಕೆ ಮೊದಲೇ ಬಾಕಿ ಇದ್ದ ವಿಚಾರಣೆಗಳು ಕಲಂ 170ರಂತೆ ಹಳೆಯ ಅಧಿನಿಯಮದಲ್ಲಿಯೇ ಮುಂದುವರಿಯುತ್ತವೆ. ಪಾಲಿನ ದಾವೆಗಳು ಎಷ್ಟು ಕಾಲ ನಡೆಯುತ್ತವೆಂದು ಬಲ್ಲವರಿಗೆ ಹಳೆಯ ಸಂಖ್ಯೆಗಳನ್ನು ಮರೆಯಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಕುಂಜಿಬೆಟ್ಟು ವಿದ್ಯಾರ್ಥಿನಿ:

ಕಳೆದ ವಾರ ಎರಡು ದಿನ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಮಹಜರು ಸಾಕ್ಷಿಯೊಬ್ಬರು ಸಹಿ ತನ್ನದೆಂದು ಒಪ್ಪಿದರು, ಒಕ್ಕಣೆ ಗೊತ್ತಿಲ್ಲ ಎಂದರು. ಅವರನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಅಭಿಯೋಜಕರು ಅನುಮತಿ ಕೇಳಿದರು. ಕಲಂ 157 ಎಂದು ನಾನು ಪಟ್ಟಿಯಲ್ಲಿ ಬರೆದಿದ್ದ ಒಂದು ಸಾಲು ಕಣ್ಣೆದುರು ನಡೆಯಿತು. ಪಕ್ಕದ ಸಿವಿಲ್ ನ್ಯಾಯಾಲಯದಲ್ಲಿ ಮುಖ್ಯ ವಿಚಾರಣೆ ಅಫಿಡವಿಟ್ಟಿನ ರೂಪದಲ್ಲಿ ಮೊದಲೇ ಬಂದಿತ್ತು, ನೇರವಾಗಿ ಪಾಟೀ ಸವಾಲು ಶುರುವಾಯಿತು.

ಅಪಘಾತದ ಸಮಸ್ಯೆಗೆ ಉತ್ತರವನ್ನು ಹೊಸದಾಗಿ ಬರೆದಿದ್ದೇನೆ. ಎರಡೂ ತೀರ್ಮಾನಗಳು ಸರಿಯಾಗಿರಬಹುದು. ವ್ಯಾಖ್ಯೆ ಒಂದೇ ಆದರೂ ‘ಆ ಪ್ರಕರಣದ ಸನ್ನಿವೇಶ’ ಬೇರೆ. ಅಜಾಗರೂಕ ಚಾಲನೆಯನ್ನೂ ಚಾಲಕ ಇವನೇ ಎಂಬುದನ್ನೂ ಪ್ರಾಸಿಕ್ಯೂಷನ್ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕಿತ್ತು. ನ್ಯಾಯಮಂಡಳಿಯ ಮುಂದೆ ಮನೆಯವರು ಸಂಭವನೀಯತೆಯ ಮೇಲುಗೈಯನ್ನು ತೋರಿಸಿದರೆ ಸಾಕೆಂದು 2009ರ ಬಿಮಲಾ ದೇವಿ ತೀರ್ಪಿನಲ್ಲಿದೆ. ಅಲ್ಲಿ ಹಾಜರಾದ ಸಾಕ್ಷಿಗಳೂ ಬೇರೆ ಇರಬಹುದು. ಲಾರಿಯ ಚಾಲಕನೇ ಸಾಕ್ಷಿಕಟ್ಟೆ ಹತ್ತದೆ ಉಳಿದಿರಬಹುದು. ಸವಾರ ಆಸ್ಪತ್ರೆಯಲ್ಲಿ ಹೇಳಿದ ಮಾತು ಇದ್ದರೆ ಅದು ಎರಡೂ ಕಡೆ ಸುಸಂಗತ, ಆದರೆ ಅದರ ತೂಕವನ್ನು ಎರಡೂ ಕಡೆ ಬೇರೆಬೇರೆಯಾಗಿ ನೋಡಬೇಕು. ಕ್ರಿಮಿನಲ್ ನ್ಯಾಯಾಲಯದ ಬಿಡುಗಡೆಯ ತೀರ್ಪು ಕಲಂ 37ರಂತೆ ನ್ಯಾಯಮಂಡಳಿಯ ಮುಂದೆ ಸುಸಂಗತವಲ್ಲ ಎಂದು ಮುಗಿಸಿದ್ದೇನೆ. ಸರಿಯೇ?

ಹಂಪನಕಟ್ಟೆ ವಕೀಲ:

ಸರಿಯಿದೆ, ಕೊನೆಯ ಸಾಲನ್ನು ಮಾತ್ರ ಸ್ವಲ್ಪ ಬಿಗಿಮಾಡಿ. ಕಲಂ 37 ಅಂಥ ತೀರ್ಪನ್ನು ಎಲ್ಲ ಸಂದರ್ಭಗಳಲ್ಲಿ ಹೊರಗಿಡುವುದಿಲ್ಲ. ಆ ತೀರ್ಪು ಇದೆ ಎಂಬುದೇ ವಿವಾದಾಂಶವಾದಾಗ ಒಳಗೆ ಬಿಡುತ್ತದೆ. ಬಿಡುಗಡೆಯಾದ ಅದೇ ಚಾಲಕ, ತನ್ನ ಮೇಲೆ ದುರುದ್ದೇಶದಿಂದ ಸುಳ್ಳು ಕೇಸು ಹಾಕಿಸಿದರೆಂದು ಪರಿಹಾರದ ದಾವೆ ಹೂಡಿದರೆ, ಅವನು ಮೊದಲು ಹಾಜರುಪಡಿಸಬೇಕಾದ ಕಾಗದ ಆ ಬಿಡುಗಡೆಯ ತೀರ್ಪೇ.